ಇರುಳೂ ಒಂದು ಸಾಕ್ಷ್ಯ: ನಿಧಾನಗತಿಯ ಅಪರಾಧ ಚಿತ್ರಗಳನ್ನು ನೋಡುವ ಬಗೆ



ಇಂದಿನ ಮಾತಿನ ವಿಷಯವನ್ನು ನನಗೇ ಬಿಟ್ಟಿದ್ದರು. ಒಂದು ಬಗೆಯ ಚಿತ್ರಗಳ ಪರವಾಗಿ ವಕಾಲತ್ತು ವಹಿಸಬೇಕು ಎಂಬುದು ಬಹಳ ಕಾಲದಿಂದ ನನ್ನ ಮನಸ್ಸಿನಲ್ಲಿತ್ತು. ಆ ಚಿತ್ರಗಳಲ್ಲಿ ಕೊಲೆ ಇರುತ್ತದೆ, ಪೊಲೀಸರಿರುತ್ತಾರೆ, ಕೈಕೋಳ ತೊಟ್ಟ ಆರೋಪಿಯೂ ಇರುತ್ತಾನೆ. ಇಷ್ಟೆಲ್ಲ ಇದ್ದೂ ಚಿತ್ರ ಓಡುವುದಿಲ್ಲ. ಜೀಪು ಒಂದು ತಿರುವಿನಲ್ಲಿ ನಿಂತರೆ ಕ್ಯಾಮೆರಾವೂ ಅಲ್ಲೇ ನಿಂತು ಗಾಳಿಯ ಸದ್ದು ಕೇಳುತ್ತದೆ. ಚಿತ್ರೋತ್ಸವಗಳಲ್ಲಿ ಇಂಥದೊಂದು ಮುಗಿಯುವ ಹೊತ್ತಿಗೆ ಎಷ್ಟೋ ಜನ ಎದ್ದು ಹೋಗಿರುತ್ತಾರೆ. ಉಳಿದವರಲ್ಲಿ ಕೆಲವರು ದೀಪ ಹತ್ತಿದ ಮೇಲೂ ಏಳುವುದಿಲ್ಲ. ಇಬ್ಬರೂ ನೋಡಿದ್ದು ಒಂದೇ ಚಿತ್ರ. ಈ ಬಿರುಕು ಯಾಕೆ ಬರುತ್ತದೆ, ಉಳಿದು ಕೂತವರಿಗೆ ಅಲ್ಲಿ ಸಿಕ್ಕಿದ್ದೇನು ಎಂಬುದನ್ನು ಆದಷ್ಟು ಹತ್ತಿರದಿಂದ ತೋರಿಸಲು ಪ್ರಯತ್ನಿಸುತ್ತೇನೆ.

ಈ ಜಗಳ ಹಳೆಯದು. 1960ರ ಕಾನ್ ಚಿತ್ರೋತ್ಸವದಲ್ಲಿ ಅಂತೋನಿಯೋನಿಯ ‘ಲಾವೆಂಚೂರಾ’ ತೆರೆಯ ಮೇಲೆ ಬಂತು. ಸಿಸಿಲಿಯ ಬಳಿಯ ಬಂಡೆಗಲ್ಲಿನ ದ್ವೀಪವೊಂದಕ್ಕೆ ವಿಹಾರಕ್ಕೆ ಬಂದ ಗುಂಪಿನಿಂದ ಆನಾ ಎಂಬ ಯುವತಿ ಕಾಣೆಯಾಗುತ್ತಾಳೆ. ಹುಡುಕಾಟ ಶುರುವಾಗುತ್ತದೆ. ಹುಡುಕುತ್ತ ಹುಡುಕುತ್ತ ಹುಡುಕುವವರೇ ಅವಳನ್ನು ಮರೆಯುತ್ತಾರೆ. ಚಿತ್ರ ಮುಗಿದರೂ ಅವಳು ಸಿಗುವುದಿಲ್ಲ. ಪ್ರೇಕ್ಷಕರು ಚಿತ್ರ ನಡೆಯುತ್ತಿರುವಾಗಲೇ ಕೂಗಿದರು, ನಕ್ಕರು. ಮರುದಿನ ರೊಸೆಲಿನಿಯಂಥ ನಿರ್ದೇಶಕರು, ವಿಮರ್ಶಕರು ಸಹಿ ಹಾಕಿ ಚಿತ್ರದ ಪರವಾಗಿ ಹೇಳಿಕೆ ಕೊಟ್ಟರು. ಕೊನೆಗೆ ಅದೇ ಉತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಪ್ರಶಸ್ತಿಯೂ ಬಂತು. ಕೂಗಿದವರೂ ಸಹಿ ಹಾಕಿದವರೂ ಸಿನಿಮಾ ಬಲ್ಲವರೇ ಆಗಿದ್ದರು ಎಂಬುದನ್ನು ನಾವು ಮರೆಯಬಾರದು.

ಎದ್ದು ಹೋಗುವವರನ್ನು ಅರಸಿಕರು ಎಂದು ಕರೆಯುವ ಅಭ್ಯಾಸ ನಮ್ಮ ಚಿತ್ರಸಮಾಜಗಳ ವಲಯದಲ್ಲಿ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಅವರ ದೂರಿನಲ್ಲಿ ಹುರುಳಿದೆ. ಕೊಲೆಯ ಕಥೆ ಎಂದರೆ ಒಂದು ಒಪ್ಪಂದ: ನೀನು ಗಮನ ಕೊಡು, ನಾನು ಉತ್ತರ ಕೊಡುತ್ತೇನೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಗಳಿಂದ ತಂದು ಒಂದೇ ಸಿಟ್ಟಿಂಗಿನಲ್ಲಿ ಓದಿ ಮುಗಿಸಿದ ತಲೆಮಾರು ಆ ಒಪ್ಪಂದದ ಮೇಲೇ ಬೆಳೆದದ್ದು. ಕನ್ನಡ ಓದುವ ಚಟವನ್ನು ಸಾವಿರಾರು ಜನರಿಗೆ ಹತ್ತಿಸಿದ್ದು ಆ ಪುಸ್ತಕಗಳು. ಅವುಗಳ ಬಗ್ಗೆ ನನಗೆ ಗೌರವವೇ ಇದೆ. ಪೋಸ್ಟರಿನಲ್ಲಿ ಶವವನ್ನು ತೋರಿಸಿ ಒಳಗೆ ಕರೆದು, ಎರಡೂವರೆ ಗಂಟೆಯ ಮೇಲೆ ಉತ್ತರ ಹೇಳದೆ ಕಳಿಸಿದರೆ ಪ್ರೇಕ್ಷಕನಿಗೆ ಮೋಸ ಹೋದಂತೆ ಅನ್ನಿಸುವುದು ಸಹಜ. ಹಾಗಾದರೆ ಉತ್ತರದ ಬದಲಿಗೆ ಅವನಿಗೆ ಏನು ಕೊಟ್ಟಿರಿ ಎಂಬ ಪ್ರಶ್ನೆಗೆ ಚಿತ್ರವೇ ಜವಾಬು ಹೇಳಬೇಕು.

ಒಳ್ಳೆಯ ಚಿತ್ರ ಹೇಳುತ್ತದೆ. ನಾನು ಆರಿಸಿಕೊಂಡಿರುವ ಮುಖ್ಯ ಉದಾಹರಣೆ ಟರ್ಕಿಯ ನೂರಿ ಬಿಲ್ಗೆ ಜೆಯ್ಲಾನ್ 2011ರಲ್ಲಿ ಮಾಡಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ಅನತೋಲಿಯಾ’. ಆ ವರ್ಷ ಕಾನ್‌ನಲ್ಲಿ ಗ್ರ್ಯಾನ್ ಪ್ರಿ ಪ್ರಶಸ್ತಿಯನ್ನು ಬೆಲ್ಜಿಯಂನ ಡಾರ್ಡೆನ್ ಸಹೋದರರ ಚಿತ್ರದ ಜತೆ ಹಂಚಿಕೊಂಡ ಚಿತ್ರ ಇದು. ಇದನ್ನು ಜೆಯ್ಲಾನ್ ಮತ್ತು ಅವರ ಪತ್ನಿ ಎಬ್ರು ಜತೆ ಸೇರಿ ಬರೆದವರು ಎರ್ಜಾನ್ ಕೆಸಾಲ್. ಕೆಸಾಲ್ ಓದಿದ್ದು ವೈದ್ಯಕೀಯ. ಅನತೋಲಿಯಾದ ಕೆಸ್ಕಿನ್ ಎಂಬ ಸಣ್ಣ ಊರಿನಲ್ಲಿ ಯುವ ವೈದ್ಯರಾಗಿದ್ದಾಗ, ಹೂತಿಟ್ಟ ಶವವೊಂದನ್ನು ಹುಡುಕುತ್ತ ಪೊಲೀಸರೊಂದಿಗೆ ಅಲೆದ ರಾತ್ರಿಯ ಅನುಭವದಿಂದ ಈ ಕಥೆ ಹುಟ್ಟಿತು. ಚಿತ್ರದಲ್ಲಿ ಹಳ್ಳಿಯ ಮುಖ್ಯಸ್ಥನ ಪಾತ್ರವನ್ನೂ ಅವರೇ ಮಾಡಿದ್ದಾರೆ.

ಕಥೆ ಇಷ್ಟು. ಸಂಜೆ ಕತ್ತಲಾಗುವ ಹೊತ್ತು. ಮೂರು ವಾಹನಗಳು ಬೋಳು ಗುಡ್ಡಗಳ ನಡುವೆ ಸಾಗುತ್ತಿವೆ. ಅವುಗಳಲ್ಲಿ ಪೊಲೀಸ್ ಅಧಿಕಾರಿ ನಾಜಿ, ಪ್ರಾಸಿಕ್ಯೂಟರ್ ನುಸ್ರೆತ್, ವೈದ್ಯ ಜೆಮಾಲ್, ಚಾಲಕ ಅರಬ್, ಗುದ್ದಲಿ ಹಿಡಿದ ಕೂಲಿಗಳು, ಜತೆಗೆ ಕೊಲೆ ಒಪ್ಪಿಕೊಂಡಿರುವ ಕೆನಾನ್ ಇದ್ದಾರೆ. ಕೊಂದವನು ಯಾರು ಎಂಬ ಪ್ರಶ್ನೆ ಮೊದಲ ಹತ್ತು ನಿಮಿಷಕ್ಕೇ ಮುಗಿದಿದೆ. ಉಳಿದಿರುವುದು ಹೆಣ ಎಲ್ಲಿದೆ ಎಂಬುದು. ಆ ರಾತ್ರಿ ಕೆನಾನ್ ಕುಡಿದಿದ್ದ. ಹತ್ತಿರದಲ್ಲಿ ಒಂದು ನೀರಿನ ಕಾರಂಜಿ ಇತ್ತು, ಒಂದು ದುಂಡನೆಯ ಮರ ಇತ್ತು ಎಂದಷ್ಟೇ ಅವನಿಗೆ ನೆನಪು. ಆ ಸೀಮೆಯಲ್ಲಿ ಎಲ್ಲಿ ನಿಂತರೂ ಒಂದು ಕಾರಂಜಿ, ಒಂದು ಮರ. ಪ್ರತಿ ಸಲ ಇಳಿಯುವುದು, ಹೆಡ್‌ಲೈಟ್ ಬೆಳಕಿನಲ್ಲಿ ನೆಲ ನೋಡುವುದು, ಇದಲ್ಲ ಅನ್ನುವುದು, ಮತ್ತೆ ಹತ್ತುವುದು.

ಇಲ್ಲೇ ಅನೇಕರ ತಾಳ್ಮೆ ಕಡಿಯುತ್ತದೆ. ಆದರೆ ಸ್ವಲ್ಪ ನಿಲ್ಲಿ. ಛಾಯಾಗ್ರಾಹಕ ಗೋಖಾನ್ ತಿರ್ಯಾಕಿ ಆ ಗುಡ್ಡಗಳನ್ನು ದೂರದಿಂದ, ಹೆಡ್‌ಲೈಟಿನ ಹಳದಿಯಲ್ಲಿ ತೋರಿಸುವಾಗ ನಮಗೆ ಸಿಗುವುದು ಸುಂದರ ದೃಶ್ಯಾವಳಿ ಮಾತ್ರ ಎಂದುಕೊಂಡರೆ ಚಿತ್ರ ಕೈತಪ್ಪಿತು. ಈ ತನಿಖೆಗೆ ಅಡ್ಡ ನಿಂತಿರುವುದೇ ಆ ಗುಡ್ಡಗಳು. ಒಂದಕ್ಕೊಂದು ಹೋಲುವ ನೆಲವೇ ಆರೋಪಿಯ ಮರೆವನ್ನು ಕಾಯುತ್ತಿದೆ. ಕಾರಂಜಿಗಳೆಲ್ಲ ನಮಗೂ ಒಂದೇ ಥರ ಕಂಡು, ಇದನ್ನು ಆಗಲೇ ನೋಡಿದೆವಲ್ಲ ಎಂದು ಬೇಸರ ಬರುವ ಕ್ಷಣದಲ್ಲಿ ನಾವು ನಾಜಿಯ ಸಿಟ್ಟಿನ ಒಳಗೆ ಇರುತ್ತೇವೆ. ಅವನು ಕೆನಾನ್ ಮೇಲೆ ಕೈ ಮಾಡಿದಾಗ ನಮಗೆ ಆಘಾತವಾಗುವುದು ಹೊಡೆತಕ್ಕಷ್ಟೇ ಅಲ್ಲ, ಅದಕ್ಕೆ ಮೊದಲು ನಮ್ಮ ಒಳಗೂ ಅಂಥದೇ ಅಸಹನೆ ಬೆಳೆದಿತ್ತು ಎಂಬುದಕ್ಕೆ. ವೇಗದ ಚಿತ್ರವೊಂದು ಇದನ್ನು ಎರಡು ಶಾಟ್‌ನಲ್ಲಿ ಮುಗಿಸಿಬಿಡುತ್ತಿತ್ತು. ನಾವು ಆರಾಮಾಗಿ ಪೊಲೀಸನನ್ನು ಖಂಡಿಸಿ ಮುಂದೆ ಹೋಗುತ್ತಿದ್ದೆವು.

ನಾನು ಹೇಳಬೇಕಾಗಿರುವ ಮಾತು ಇದೇ. ಇಂಥ ಚಿತ್ರಗಳಲ್ಲಿ ಕತ್ತಲು, ಮಳೆ, ಗಾಳಿ, ಖಾಲಿ ರಸ್ತೆ ಇವೆಲ್ಲ ಸಾಕ್ಷ್ಯಗಳು. ಕತ್ತಿಯಷ್ಟೇ, ರಕ್ತದ ಕಲೆಯಷ್ಟೇ ಸಾಕ್ಷ್ಯ. ಅವುಗಳನ್ನು ಪರಿಶೀಲಿಸಲು ಹೊತ್ತು ಬೇಕು. ಚಿತ್ರದ ನಿಧಾನ ಎಂದರೆ ಆ ಹೊತ್ತು.

ಒಂದು ಸೇಬಿನ ದೃಶ್ಯವಿದೆ. ಅರಬ್ ಮರವೊಂದನ್ನು ಅಲುಗಿಸುತ್ತಾನೆ. ಒಂದು ಸೇಬು ಬಿದ್ದು ಇಳಿಜಾರಿನಲ್ಲಿ ಉರುಳುತ್ತದೆ, ತೊರೆಗೆ ಬೀಳುತ್ತದೆ, ನೀರಿನ ಜತೆ ಸಾಗುತ್ತದೆ, ಕೊನೆಗೆ ಮೊದಲೇ ಕೊಳೆಯುತ್ತಿರುವ ಒಂದಷ್ಟು ಸೇಬುಗಳ ಜತೆ ಹೋಗಿ ನಿಲ್ಲುತ್ತದೆ. ಕ್ಯಾಮೆರಾ ಅದರ ಹಿಂದೆಯೇ ಹೋಗುತ್ತದೆ. ಹಿನ್ನೆಲೆಯಲ್ಲಿ ಗಂಡಸರ ಮಾತು ಕೇಳುತ್ತಲೇ ಇರುತ್ತದೆ. ಚಿತ್ರವನ್ನು ಇಷ್ಟಪಡದವರು ಮೊದಲು ಎತ್ತುವ ಉದಾಹರಣೆ ಇದು. ಇಷ್ಟಪಡುವವರೂ ಮೊದಲು ಎತ್ತುವುದು ಇದನ್ನೇ. ಸಂಕೇತಗಳ ಹುಡುಕಾಟಕ್ಕೆ ನಾನು ಇಳಿಯುವುದಿಲ್ಲ. ಆ ಶಾಟ್ ನಮ್ಮ ಕಣ್ಣಿಗೆ ಕೊಡುವ ತರಬೇತಿ ಮುಖ್ಯ. ಅದಾದ ಮೇಲೆ ನಾವು ಮಾತನಾಡುವವರ ಮುಖದಿಂದ ಕಣ್ಣು ತೆಗೆದು ನೆಲವನ್ನು ನೋಡಲು ಕಲಿತಿರುತ್ತೇವೆ. ಶವ ಇರುವುದೂ ನೆಲದಲ್ಲೇ ತಾನೆ?

ನಡುರಾತ್ರಿ ಎಲ್ಲರೂ ಒಂದು ಹಳ್ಳಿಯಲ್ಲಿ ಊಟಕ್ಕೆ ನಿಲ್ಲುತ್ತಾರೆ. ಮುಖ್ಯಸ್ಥ ಬಂದವರನ್ನು ಸತ್ಕರಿಸುತ್ತ, ಊರಿಗೊಂದು ಶವಾಗಾರ ಬೇಕು, ಪ್ರಾಸಿಕ್ಯೂಟರ್ ಸಾಹೇಬರು ಶಿಫಾರಸು ಮಾಡಬೇಕು ಎಂದು ಅಹವಾಲು ಇಡುತ್ತಾನೆ. ಊರಿನ ಹರೆಯದವರೆಲ್ಲ ಹೊರದೇಶಕ್ಕೆ ದುಡಿಯಲು ಹೋಗಿದ್ದಾರೆ. ಅಪ್ಪನೋ ಅಮ್ಮನೋ ಸತ್ತರೆ, ನಾವು ಬರುವವರೆಗೆ ಮಣ್ಣು ಮಾಡಬೇಡಿ, ಕೊನೆಯ ಸಲ ಮುಖ ನೋಡಬೇಕು ಅನ್ನುತ್ತಾರೆ. ಅಷ್ಟರಲ್ಲಿ ಹೆಣ ವಾಸನೆ ಬರುತ್ತದೆ. ಕಥೆಗೆ ಸಂಬಂಧವೇ ಇಲ್ಲ ಎನ್ನಿಸುವ ಈ ಅಹವಾಲಿನಲ್ಲಿ ಒಂದು ಇಡೀ ಪ್ರದೇಶದ ಸ್ಥಿತಿ ಇದೆ: ಮುದುಕರು ಮಾತ್ರ ಉಳಿದ ಊರು, ಸಾವಿಗೂ ಸೌಲಭ್ಯವಿಲ್ಲದ ಊರು. ಗಾಳಿಗೆ ಕರೆಂಟು ಹೋಗುತ್ತದೆ. ಮುಖ್ಯಸ್ಥನ ಕಿರಿಯ ಮಗಳು ಜೆಮಿಲೆ ತಟ್ಟೆಯಲ್ಲಿ ಟೀ ಲೋಟಗಳನ್ನೂ ಒಂದು ದೀಪವನ್ನೂ ಇಟ್ಟುಕೊಂಡು ಒಬ್ಬೊಬ್ಬರ ಮುಂದೆಯೂ ಬರುತ್ತಾಳೆ. ದೀಪದ ಬೆಳಕು ಕೆಳಗಿನಿಂದ ಅವಳ ಮುಖಕ್ಕೆ ಬೀಳುತ್ತದೆ. ಇಡೀ ರಾತ್ರಿ ಮೊಸರು, ಪ್ರಾಸ್ಟೇಟು, ಬಡ್ತಿ, ಬೈಗುಳ ಎಂದು ಮಾತಾಡುತ್ತಿದ್ದ ಗಂಡಸರು ಒಮ್ಮೆಗೇ ಸುಮ್ಮನಾಗುತ್ತಾರೆ. ಕೆನಾನ್‌ನ ಸರದಿ ಬರುತ್ತದೆ. ಅವಳ ಮುಖ ನೋಡಿ ಅವನು ಅಳುತ್ತಾನೆ. ತಾನು ಕೊಂದವನು ಅದೇ ಕೋಣೆಯಲ್ಲಿ ಕೂತು ಟೀ ಕುಡಿಯುತ್ತಿರುವಂತೆ ಅವನಿಗೆ ಕಾಣುತ್ತದೆ. ಅದಾದ ಬಳಿಕವೇ ಅವನು ನಾಜಿಗೆ ನಿಜ ಹೇಳುತ್ತಾನೆ: ಸತ್ತವನ ಮಗ ನನ್ನ ಮಗ. ಹೊಡೆತಕ್ಕೆ ಬಾಯಿ ಬಿಡದವನು ದೀಪಕ್ಕೆ ಬಾಯಿ ಬಿಟ್ಟ. ಇದನ್ನು ಕಥೆಯ ಸಾರಾಂಶವಾಗಿ ಹೇಳಿದರೆ ನೀವು ನಂಬುವುದಿಲ್ಲ, ಅಗ್ಗದ ಭಾವುಕತೆ ಅನ್ನುತ್ತೀರಿ. ನಂಬಬೇಕಾದರೆ ಅದಕ್ಕೆ ಮುಂಚಿನ ಒಂದು ಗಂಟೆಯ ಕತ್ತಲಲ್ಲಿ ಕೂತಿರಬೇಕು.

ಬೆಳಗಿನ ಜಾವ ಶವ ಸಿಗುತ್ತದೆ. ಕೈಕಾಲು ಸೇರಿಸಿ ಕಟ್ಟಿ ಹೂತಿದ್ದಾರೆ. ಪ್ರಾಸಿಕ್ಯೂಟರ್ ವರದಿ ಹೇಳುತ್ತ ಹೋಗುತ್ತಾನೆ, ಗುಮಾಸ್ತ ಬಯಲಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪ್ ಮಾಡುತ್ತಾನೆ. ಜಾಗ ಯಾರ ಸರಹದ್ದಿಗೆ ಸೇರಿದ್ದು ಎಂಬ ಚರ್ಚೆ ನಡೆಯುತ್ತದೆ. ಶವದ ಚೀಲ ತರಲು ಮರೆತಿದ್ದಾರೆ. ಹೆಣವನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ತುರುಕುತ್ತಾರೆ. ಅರಬ್ ಪಕ್ಕದ ಹೊಲದಿಂದ ಕಿತ್ತ ಕರಬೂಜಗಳನ್ನೂ ಅದರ ಜತೆಗೇ ಇಡುತ್ತಾನೆ. ನಮ್ಮ ಯಾವುದೇ ತಾಲ್ಲೂಕಿನಲ್ಲಿ ಪಂಚನಾಮೆಗೆ ಸಹಿ ಹಾಕಿದವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣದು. ಅಪರಾಧವೆಂದರೆ ಬಹುಪಾಲು ಹೀಗೆಯೇ: ಕೊಲೆಯ ಒಂದು ಕ್ಷಣ, ಆಮೇಲೆ ಗಂಟೆಗಟ್ಟಲೆ ಕಾಗದ, ಕಾಯುವಿಕೆ, ನಿದ್ದೆಗೆಟ್ಟ ನೌಕರರು. ಆ ಗಂಟೆಗಳನ್ನು ಕತ್ತರಿಸಿ ಎಸೆದ ಚಿತ್ರಗಳನ್ನು ನೋಡಿ ನೋಡಿ, ಅವು ಇರುವುದೇ ಇಲ್ಲ ಎಂಬಷ್ಟು ನಾವು ಒಗ್ಗಿಹೋಗಿದ್ದೇವೆ.

ಈ ಅಲೆದಾಟದ ಕೆಳಗೆ ಇನ್ನೊಂದು ತನಿಖೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಪ್ರಾಸಿಕ್ಯೂಟರ್ ವೈದ್ಯನಿಗೆ ಒಂದು ವಿಚಿತ್ರ ಸಂಗತಿ ಹೇಳುತ್ತಾನೆ: ಬಸುರಿ ಹೆಂಗಸೊಬ್ಬಳು, ಮಗು ಹುಟ್ಟಿದ ಮೇಲೆ ನಾನು ಸಾಯುತ್ತೇನೆ ಎಂದು ಮೊದಲೇ ಹೇಳಿ, ಹಾಗೆಯೇ ಸತ್ತಳು. ವೈದ್ಯ ಕೇಳುತ್ತಾನೆ, ಶವಪರೀಕ್ಷೆ ಆಯಿತೆ? ಇಲ್ಲ, ಹೃದಯಾಘಾತ ಎಂದರು. ಮಾತು ನಿಲ್ಲುತ್ತದೆ. ಎಷ್ಟೋ ಹೊತ್ತಿನ ಮೇಲೆ ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಕೆಲವು ಔಷಧಿಗಳನ್ನು ಹೆಚ್ಚಿಗೆ ತೆಗೆದುಕೊಂಡರೆ ಹೃದಯ ನಿಲ್ಲಬಹುದು ಅನ್ನುತ್ತಾನೆ ವೈದ್ಯ. ಹೌದು, ನನ್ನ ಮಾವ ಅಂಥದೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು ಅನ್ನುತ್ತಾನೆ ಪ್ರಾಸಿಕ್ಯೂಟರ್. ಆ ಹೆಂಗಸು ಅವನ ಹೆಂಡತಿಯೇ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮಗೆ ಗೊತ್ತಾಗುತ್ತದೆ, ವೈದ್ಯನಿಗೆ ಗೊತ್ತಾಗುತ್ತದೆ, ಕೊನೆಗೆ ಅವನಿಗೂ ಗೊತ್ತಾಗುತ್ತದೆ. ಚೆಕಾಫ್ 1887ರಲ್ಲಿ ಬರೆದ ಸಣ್ಣ ಕಥೆಯೊಂದರಲ್ಲಿ ಇದೇ ಸಂಭಾಷಣೆಯ ಬೀಜವಿದೆ: ಶವಪರೀಕ್ಷೆಗೆ ಹೊರಟ ಒಬ್ಬ ವೈದ್ಯ, ಒಬ್ಬ ನ್ಯಾಯಾಧಿಕಾರಿ, ತನ್ನ ಸಾವನ್ನು ತಾನೇ ಮೊದಲು ಹೇಳಿದ ಹೆಂಡತಿ. ಚೆಕಾಫ್ ಕೂಡ ವೈದ್ಯರೇ.

ಈಚೆಗೆ ಮನೆಯಲ್ಲಿ ಚಿತ್ರ ನೋಡುವವರು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾರೆ. ತಪ್ಪೇನೂ ಇಲ್ಲ, ಸುದ್ದಿಯನ್ನು ನಾನೂ ಹಾಗೆ ಕೇಳಬಲ್ಲೆ. ಆದರೆ ಈ ಸಂಭಾಷಣೆಯನ್ನು ಆ ವೇಗದಲ್ಲಿ ಓಡಿಸಿದರೆ ಮಾತುಗಳೆಲ್ಲ ಉಳಿಯುತ್ತವೆ, ಮೌನಗಳು ಕುಗ್ಗುತ್ತವೆ. ತನ್ನ ಹೆಂಡತಿ ಯಾಕೆ ಸತ್ತಳು ಎಂದು ಒಬ್ಬ ಮನುಷ್ಯ ವರ್ಷಗಳ ನಂತರ ಅರಿಯುವುದು ಆ ಮೌನಗಳಲ್ಲೇ. ಮಾತು ಉಳಿದು ಘಟನೆ ಹೋಯಿತು ಎಂದಂತಾಯಿತು.

ನಿಧಾನ, ಉತ್ತರವಿಲ್ಲದ ಕೊನೆ ಎಂದರೆ ಜನ ದೂರವಾಗಲೇಬೇಕು ಎಂದೇನಿಲ್ಲ. ಬೋಂಗ್ ಜೂನ್ ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’ 2003ರಲ್ಲಿ ಬಂದು ದಕ್ಷಿಣ ಕೊರಿಯಾದಲ್ಲಿ ಭಾರಿ ಜನಪ್ರಿಯವಾಯಿತು. 1986ರಿಂದ 1991ರವರೆಗೆ ಹ್ವಾಸಂಗ್ ಎಂಬ ಗ್ರಾಮೀಣ ಪ್ರದೇಶದಲ್ಲಿ ನಡೆದ ಹತ್ತು ಕೊಲೆಗಳು ಅದರ ಆಧಾರ. ಚಿತ್ರ ಬಂದಾಗ ಕೊಲೆಗಾರ ಸಿಕ್ಕಿರಲಿಲ್ಲ, ಚಿತ್ರದಲ್ಲೂ ಸಿಗುವುದಿಲ್ಲ. ಮೊದಲ ಭಾಗದಲ್ಲೇ ಕತ್ತರಿಸದ ಒಂದು ಉದ್ದನೆಯ ಶಾಟ್ ಇದೆ. ಗದ್ದೆಯಂಚಿನಲ್ಲಿ ಶವ. ಮಣ್ಣಿನ ದಾರಿಯಲ್ಲಿ ಒಂದು ಹೆಜ್ಜೆ ಗುರುತು ಸಿಕ್ಕಿದೆ, ಸುತ್ತ ಗೆರೆ ಎಳೆದಿದ್ದಾರೆ. ಮಕ್ಕಳು ಓಡಾಡುತ್ತಿವೆ, ಊರವರು ನೆರೆದಿದ್ದಾರೆ, ಬರುವ ಅಧಿಕಾರಿಗಳೆಲ್ಲ ದಿಬ್ಬದಿಂದ ಜಾರಿ ಬೀಳುತ್ತಿದ್ದಾರೆ. ಪತ್ತೇದಾರ ಕೂಗುತ್ತಿರುವಂತೆಯೇ ಒಂದು ಟ್ರ್ಯಾಕ್ಟರ್ ಬಂದು ಆ ಹೆಜ್ಜೆಯ ಮೇಲೇ ಹಾದುಹೋಗುತ್ತದೆ. ಯಾವ ಕೆಟ್ಟ ಮನುಷ್ಯನೂ ಬೇಕಾಗಲಿಲ್ಲ, ಬೆಳಗಿನ ಹೊತ್ತಿನ ಒಂದು ಹಳ್ಳಿ ಸಾಕಾಯಿತು ಸಾಕ್ಷ್ಯ ಅಳಿಸಲು.

ಅದಕ್ಕಿಂತ ಮುಖ್ಯ ಅಲ್ಲಿನ ಕತ್ತಲು. 1980ರ ದಶಕದ ಕೊರಿಯಾದಲ್ಲಿ ಮಿಲಿಟರಿ ಆಡಳಿತ. ಯುದ್ಧಭೀತಿಯ ಅಭ್ಯಾಸವೆಂದು ಸೈರನ್ ಕೂಗಿಸಿ ಊರಿನ ದೀಪಗಳನ್ನು ಆರಿಸುತ್ತಾರೆ. ಆ ಕತ್ತಲಲ್ಲೇ ಒಬ್ಬ ಹುಡುಗಿ ಕೊಲೆಗಾರನ ಕೈಗೆ ಸಿಗುತ್ತಾಳೆ. ಮಳೆ ಬರುತ್ತಿದೆ, ಇಂದು ಇನ್ನೊಂದು ಕೊಲೆ ಆಗಬಹುದು ಎಂದು ಪತ್ತೇದಾರರು ಹೆಚ್ಚಿನ ಪಡೆ ಕೇಳಿದರೆ, ಎಲ್ಲರೂ ಪ್ರತಿಭಟನೆ ಹತ್ತಿಕ್ಕಲು ಹೋಗಿದ್ದಾರೆ ಎಂಬ ಉತ್ತರ ಬರುತ್ತದೆ. ಸುಮ್ಮನೆ ನೋಡಿದರೆ ಅದು ಭಯ ಹುಟ್ಟಿಸುವ ಹಿನ್ನೆಲೆ. ಗಮನವಿಟ್ಟು ನೋಡಿದರೆ, ಆ ದೀಪಗಳನ್ನು ಆರಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಚಿತ್ರದಲ್ಲಿ ಉತ್ತರವಿದೆ.

ಆ ಪ್ರಕರಣದ ಮುಂದಿನ ಕಥೆ ಸಿನಿಮಾದ ಆಚೆ ನಡೆಯಿತು. 2019ರಲ್ಲಿ ಡಿಎನ್ಎ ಪರೀಕ್ಷೆಯಿಂದ ಕೊಲೆಗಾರನ ಗುರುತು ಸಿಕ್ಕಿತು. ಅವನು ಇನ್ನೊಂದು ಕೊಲೆಗಾಗಿ 1990ರ ದಶಕದಿಂದಲೇ ಜೈಲಿನಲ್ಲಿದ್ದ. ಚಿತ್ರದ ಕೊನೆಯಲ್ಲಿ ಪತ್ತೇದಾರನ ಪಾತ್ರ ಮಾಡಿದ ನಟ ಸಾಂಗ್ ಕಾಂಗ್ ಹೋ ನೇರವಾಗಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾರೆ; ಕೊಲೆಗಾರ ಎಂದಾದರೂ ಈ ಚಿತ್ರ ನೋಡಲು ಬಂದರೆ ಅವನನ್ನು ದಿಟ್ಟಿಸಲೆಂದೇ ಆ ಶಾಟ್ ಇಟ್ಟೆ ಎಂದು ಬೋಂಗ್ ಹೇಳಿದ್ದರು. ಅವನು ಚಿತ್ರ ನೋಡಿದ್ದ. ತನಗೇನೂ ಅನ್ನಿಸಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದ. ಎಂಟನೆಯ ಕೊಲೆಗೆ ಬೇರೊಬ್ಬ ಮನುಷ್ಯನನ್ನು ಹಿಡಿದು, ಹಿಂಸಿಸಿ ತಪ್ಪೊಪ್ಪಿಗೆ ಬರೆಸಿಕೊಂಡು, ಇಪ್ಪತ್ತು ವರ್ಷ ಜೈಲಿನಲ್ಲಿ ಇಟ್ಟಿದ್ದರು. ಅವನು ನಿರಪರಾಧಿ ಎಂದು 2020ರ ಡಿಸೆಂಬರಿನಲ್ಲಿ ತೀರ್ಪಾಯಿತು. ಅವನ ವಿರುದ್ಧ ಬಳಸಿದ ವಿಧಿವಿಜ್ಞಾನ ವರದಿಯಲ್ಲೂ ದೋಷವಿತ್ತು ಎಂದು ನ್ಯಾಯಾಲಯ ಹೇಳಿತು. ಚಿತ್ರದಲ್ಲಿ ಪೊಲೀಸರು ಅಮಾಯಕರನ್ನು ಹೊಡೆದು ಒಪ್ಪಿಸುವ ದೃಶ್ಯಗಳಿಗೆ ನಾವು ನಕ್ಕಿದ್ದೆವು. ಈಗ ನೋಡಿದರೆ ನಗಲಾಗುವುದಿಲ್ಲ.

ಡೇವಿಡ್ ಫಿಂಚರ್ ಅವರ ‘ಜೋಡಿಯಾಕ್’ (2007) ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಕೊಲೆಗಳೆಲ್ಲ ಮೊದಲರ್ಧದಲ್ಲೇ ಮುಗಿದುಹೋಗಿ, ಉಳಿದದ್ದು ಫೈಲುಗಳು, ಕೈಬರಹದ ಹೋಲಿಕೆ, ಬೇರೆ ಬೇರೆ ಊರಿನ ಠಾಣೆಗಳು ಪರಸ್ಪರ ಕಳಿಸದ ಮಾಹಿತಿ, ಸವೆಯುತ್ತ ಹೋಗುವ ಸಂಸಾರಗಳು. ಅದೂ ಕೊಲೆಗಾರನನ್ನು ಹಿಡಿಯದೆ ಮುಗಿಯುತ್ತದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಹೆಚ್ಚು ಓಡಲಿಲ್ಲ. ಇವತ್ತು ಅದನ್ನು ಫಿಂಚರ್ ಅವರ ಅತ್ಯುತ್ತಮ ಚಿತ್ರ ಎನ್ನುವವರು ಕಡಿಮೆಯಿಲ್ಲ.

ಕನ್ನಡದಲ್ಲೂ ಹೀಗೆ ಆಗಿದೆ. ರಕ್ಷಿತ್ ಶೆಟ್ಟಿ 2014ರಲ್ಲಿ ಮಾಡಿದ ‘ಉಳಿದವರು ಕಂಡಂತೆ’ ಮಲ್ಪೆಯ ಕಡಲ ದಂಡೆಯ ಕಥೆ. ಕೃಷ್ಣಾಷ್ಟಮಿ, ಹುಲಿವೇಷ, ಮೀನಿನ ಬುಟ್ಟಿ, ದೋಣಿಯ ಇಂಜಿನ್. ನಡೆದುಹೋದ ಘಟನೆಯೊಂದನ್ನು ಪತ್ರಕರ್ತೆಯೊಬ್ಬಳು ಐದು ಕಡೆಯಿಂದ ಕಟ್ಟಿಕೊಳ್ಳುತ್ತಾಳೆ. ಕರಾವಳಿಯ ಕನ್ನಡವನ್ನು ಹಾಸ್ಯಪಾತ್ರಕ್ಕೆ ಮೀಸಲಿಡದೆ ಇಡೀ ಚಿತ್ರಕ್ಕೆ ಕೊಟ್ಟದ್ದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ಥಿಯೇಟರಿನಲ್ಲಿ ಚಿತ್ರ ಸೋತಿತು. ಅರ್ಥವಾಗಲಿಲ್ಲ, ಎಳೆದಿದ್ದಾರೆ ಎಂದರು. ಕೆಲವೇ ವರ್ಷಗಳಲ್ಲಿ ಅದೇ ಚಿತ್ರದ ಸಂಭಾಷಣೆಯನ್ನು ಕಾಲೇಜು ಹುಡುಗರು ಬಾಯಿಪಾಠ ಹೇಳತೊಡಗಿದರು. 2017ರಲ್ಲಿ ತಮಿಳಿಗೂ ಹೋಯಿತು. ಮುನ್ನ ಎಂಬ ಮೆಕ್ಯಾನಿಕ್‌ನ ಭಾಗದಲ್ಲಿ ಕಿಶೋರ್ ಹೆಚ್ಚು ಮಾತೇ ಆಡದೆ, ತಾನು ಮೆಚ್ಚಿದ ಹೆಣ್ಣಿಗಾಗಿ ಕಾಯುತ್ತಾರಲ್ಲ, ಅದನ್ನು ‘ಎಳೆತ’ ಎಂದವರಿಗೆ ಆ ಕಾಯುವಿಕೆಯೇ ಮುಂದಿನ ಹಿಂಸೆಯ ತೂಕ ಎಂಬುದು ಎರಡನೆಯ ನೋಟದಲ್ಲಿ ತಿಳಿದಿರಬೇಕು. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ಬರುವ ಹೊತ್ತಿಗೆ ಪ್ರೇಕ್ಷಕರು ಸಿದ್ಧರಾಗಿದ್ದರು. ಅದರಲ್ಲಿ ಕೊಲೆ ಮುಗಿಸಿ ಶಿವ ಎಂಬವನು ಹುಲಿವೇಷದ ಹೆಜ್ಜೆ ಹಾಕುವಾಗ ಕ್ಯಾಮೆರಾ ಅವನನ್ನು ಬಿಟ್ಟು ಹೋಗುವ ಆತುರ ತೋರಿಸುವುದಿಲ್ಲ. ಊರು ಹಬ್ಬದಲ್ಲಿ ಕಲಿಸಿದ ಕುಣಿತವೇ ಇಲ್ಲಿ ಹೀಗೆ ಹೊರಬರುತ್ತಿದೆ ಎಂದು ನಮಗೆ ಹೊಳೆಯುವಷ್ಟು ಹೊತ್ತು ನಿಲ್ಲುತ್ತದೆ.

ಸಾಹಿತ್ಯದಲ್ಲಿ ತೇಜಸ್ವಿ ಇದನ್ನು ನಮಗೆ ಮೊದಲೇ ತೋರಿಸಿಕೊಟ್ಟಿದ್ದರು. ‘ಚಿದಂಬರ ರಹಸ್ಯ’ದಲ್ಲಿ ಗುಪ್ತಚರ ಅಧಿಕಾರಿ ಅಂಗಾಡಿ ಕೆಸರೂರಿಗೆ ಬರುವುದು ತನಿಖೆಗೆ. ಏಲಕ್ಕಿ ಯಾಕೆ ನಾಶವಾಗುತ್ತಿದೆ, ವಿಜ್ಞಾನಿಯ ಸಾವು ಹೇಗಾಯಿತು ಎಂದು ಕೆದಕುತ್ತ ಹೋದಂತೆ ಅಪರಾಧಿ ಹಿಂದೆ ಸರಿದು ಕೆಸರೂರು ಎಂಬ ಊರು, ಅದರ ಜಾತಿ, ಭಯ, ಕಾಡು ಮುಂದೆ ಬರುತ್ತವೆ. ಅದನ್ನು ನಾವು ಎಳೆತ ಅನ್ನಲಿಲ್ಲ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಿಧಾನವಾದುದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಸತ್ತ ನಿಧಾನವೂ ಇದೆ, ಬೇಕಾದಷ್ಟಿದೆ. ಮಂಜು ಕವಿದ ಕಣಿವೆಯ ಮೇಲೆ ಡ್ರೋನ್ ಹಾರಿಸಿ, ಕೆಳಗೊಂದು ಸೆಲ್ಲೊ ನುಡಿಸಿ, ಪೊಲೀಸ್ ಅಧಿಕಾರಿಗೆ ಗಡ್ಡವನ್ನೂ ಸತ್ತ ಮಗಳನ್ನೂ ಕೊಟ್ಟುಬಿಟ್ಟರೆ ಗಾಂಭೀರ್ಯ ಬಂತು ಎಂದುಕೊಂಡ ವೆಬ್ ಸರಣಿಗಳು ಪ್ರತಿ ತಿಂಗಳೂ ಬರುತ್ತವೆ. ನಾನು ಒಂದು ಪರೀಕ್ಷೆ ಮಾಡುತ್ತೇನೆ. ಉದ್ದನೆಯ ಶಾಟ್ ಮುಗಿದಾಗ, ಶುರುವಿನಲ್ಲಿ ನನಗೆ ಗೊತ್ತಿಲ್ಲದ ಏನಾದರೂ ಈಗ ಗೊತ್ತಿದೆಯೆ? ಆ ಮನುಷ್ಯನ ಬಗ್ಗೆ, ಆ ಜಾಗದ ಬಗ್ಗೆ, ಅಥವಾ ನೋಡುತ್ತಿರುವ ನನ್ನ ಬಗ್ಗೆ? ಇಲ್ಲವಾದರೆ ಎದ್ದು ಹೋಗುವವರ ಜತೆ ನಾನೂ ಇರುತ್ತೇನೆ. ಸೇಬಿನ ಶಾಟ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಮಂಜಿನ ಕಣಿವೆ ಬಹುತೇಕ ಸೋಲುತ್ತದೆ.

ನಮ್ಮ ಜನಕ್ಕೆ ಇದೆಲ್ಲ ಒಗ್ಗದು ಎನ್ನುವವರಿಗೆ ಎರಡು ಸಂಗತಿ ನೆನಪಿಸುತ್ತೇನೆ. 1970–80ರ ದಶಕಗಳಲ್ಲಿ ಕೆ.ವಿ. ಸುಬ್ಬಣ್ಣನವರೂ ನೀನಾಸಮ್ ಗೆಳೆಯರೂ ಹೆಗ್ಗೋಡಿನಲ್ಲಿ, ಆಮೇಲೆ ಕರ್ನಾಟಕದ ಹಳ್ಳಿಗಳಲ್ಲಿ, ಜಗತ್ತಿನ ಕ್ಲಾಸಿಕ್ ಚಿತ್ರಗಳನ್ನು ತೋರಿಸಿದರು. ರೈತರು, ಶಾಲೆಯ ಮೇಷ್ಟರು, ಮನೆಗೆಲಸ ಮುಗಿಸಿ ಬಂದ ಹೆಂಗಸರು ಕೂತು ನೋಡಿದರು. ಎರಡನೆಯದು ಇನ್ನೂ ಹಳೆಯದು. ಯಕ್ಷಗಾನದ ‘ಗದಾಯುದ್ಧ’ ಪ್ರಸಂಗಕ್ಕೆ ಬಂದು ಕೂತವರಿಗೆಲ್ಲ ಕೌರವನ ತೊಡೆ ಮುರಿಯುತ್ತದೆ ಎಂದು ಗೊತ್ತಿರುತ್ತದೆ. ಆದರೂ ಬೆಳಗಿನವರೆಗೆ ಇರುತ್ತಾರೆ. ಕೊಳದಲ್ಲಿ ಅಡಗಿದವನನ್ನು ಭೀಮ ಹಂಗಿಸಿ ಎಬ್ಬಿಸುವಾಗ ಈ ರಾತ್ರಿಯ ಈ ಕಲಾವಿದ ಅವಮಾನವನ್ನು ಹೇಗೆ ತಾಳುತ್ತಾನೆ ಎಂಬುದು ಅವರಿಗೆ ಬೇಕು. ಕೊನೆ ಗೊತ್ತಿದ್ದೂ ಹೇಗೆ ಎಂಬುದಕ್ಕಾಗಿ ನಿದ್ದೆಗೆಟ್ಟು ಕೂರುವ ಪ್ರೇಕ್ಷಕ ಕಾನ್‌ನಿಂದ ಬರಬೇಕಾಗಿಲ್ಲ, ಕುಂದಾಪುರದಲ್ಲೇ ಇದ್ದಾನೆ. ಈ ಧೈರ್ಯದಿಂದಲೇ ಇಂದು ಸಂಜೆ ಇದೇ ಸಭಾಂಗಣದಲ್ಲಿ ತೋರಿಸಲಿರುವ ಜೆಯ್ಲಾನ್ ಚಿತ್ರದ ಕಥೆಯನ್ನು ನಾನು ಮುಚ್ಚುಮರೆಯಿಲ್ಲದೆ ಹೇಳಿದ್ದು. ಉಳಿದಿರುವ ಕೊನೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಕರಾರು ಇರುವುದು ಅದರ ಜತೆ.

ಬೆಳಗ್ಗೆ ಆಸ್ಪತ್ರೆಯಲ್ಲಿ ಪ್ರಾಸಿಕ್ಯೂಟರ್ ವೈದ್ಯನ ಮುಂದೆ ಕೂತು ಕೇಳುತ್ತಾನೆ: ಇನ್ನೊಬ್ಬರನ್ನು ಶಿಕ್ಷಿಸಲೆಂದು ಒಬ್ಬಳು ತನ್ನ ಜೀವ ತೆಗೆದುಕೊಳ್ಳಬಹುದೆ? ಎಷ್ಟೋ ಆತ್ಮಹತ್ಯೆಗಳು ಅದಕ್ಕೇ ಅಲ್ಲವೆ, ಅನ್ನುತ್ತಾನೆ ವೈದ್ಯ. ಪ್ರಾಸಿಕ್ಯೂಟರ್ ಕುಗ್ಗಿಹೋಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಶವಪರೀಕ್ಷೆ ಶುರುವಾಗುತ್ತದೆ. ಸಹಾಯಕ ತನ್ನ ಸಲಕರಣೆಗಳ ಬಗ್ಗೆ ಗೊಣಗುತ್ತ ಕೊಯ್ಯುತ್ತಾನೆ. ಶ್ವಾಸನಾಳದಲ್ಲಿ, ಶ್ವಾಸಕೋಶದಲ್ಲಿ ಮಣ್ಣು ಸಿಗುತ್ತದೆ. ಮಣ್ಣು ಅಲ್ಲಿಗೆ ಹೋಗಬೇಕಾದರೆ ಹೂಳುವಾಗ ಅವನು ಉಸಿರಾಡುತ್ತಿದ್ದಿರಬೇಕು. ವೈದ್ಯ ತಡೆದು, ಅಸಹಜವಾದುದು ಏನೂ ಕಂಡಿಲ್ಲ ಎಂದು ಬರೆಸುತ್ತಾನೆ. ಅವನ ಕೆನ್ನೆಗೆ ರಕ್ತದ ಒಂದು ಹನಿ ಸಿಡಿಯುತ್ತದೆ. ಕಿಟಕಿಯಾಚೆ ಸತ್ತವನ ಹೆಂಡತಿ, ಮಗ ನಡೆದು ಹೋಗುತ್ತಿದ್ದಾರೆ.

ಇಡೀ ರಾತ್ರಿ, ಶವಪರೀಕ್ಷೆ ಮಾಡಿಸಬೇಕಿತ್ತು ಎಂದು ಒತ್ತಿ ಹೇಳಿದವನು ಇವನೇ. ಸತ್ಯ ಗೊತ್ತಾದರೆ ಒಬ್ಬ ಮನುಷ್ಯನಿಗೆ ಏನಾಗುತ್ತದೆ ಎಂದು ಈಗಷ್ಟೇ ಎದುರಿಗೆ ಕೂತು ನೋಡಿದ್ದಾನೆ. ಆ ಹುಡುಗನಿಗೂ, ತನ್ನನ್ನು ಹುಟ್ಟಿಸಿದವನೇ ತನ್ನನ್ನು ಸಾಕಿದವನನ್ನು ಜೀವಂತ ಹೂತ ಎಂಬ ಸತ್ಯವನ್ನು ಹೊರಿಸುವುದು ಬೇಡ ಅನ್ನಿಸಿತು. ಇದು ನನ್ನ ಓದು. ಚಿತ್ರ ಯಾವ ಕಾರಣವನ್ನೂ ಹೇಳುವುದಿಲ್ಲ. ಕರುಣೆಯಿಂದ ಮಾಡಿದ್ದು ಎನ್ನುವವರ ಮಾತನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೂ ವೈದ್ಯ ತಪ್ಪು ಮಾಡಿದ ಎಂದೇ ನನ್ನ ವಾದ. ಸತ್ತವನ ಪರವಾಗಿ ಮಾತಾಡಲು ಆ ಕೋಣೆಯಲ್ಲಿ ಇದ್ದದ್ದು ಅವನ ಶ್ವಾಸಕೋಶದ ಮಣ್ಣು ಒಂದೇ. ಅದರ ಬಾಯಿ ಮುಚ್ಚಿಸುವ ಹಕ್ಕು ವೈದ್ಯನಿಗೆ ಇರಲಿಲ್ಲ. ದಯೆಯಿಂದ ಬರೆಸಿದ ಸುಳ್ಳು ವರದಿ, ಕ್ರೌರ್ಯದಿಂದ ಬರೆಸಿದ ಸುಳ್ಳು ವರದಿ ಫೈಲಿನೊಳಗೆ ಸೇರಿದ ಮೇಲೆ ಒಂದೇ ಥರ ಕಾಣುತ್ತವೆ. ಹ್ವಾಸಂಗ್‌ನಲ್ಲಿ ಒಬ್ಬ ಮನುಷ್ಯನ ಇಪ್ಪತ್ತು ವರ್ಷ ಹೋದದ್ದು ಅಂಥ ಕಾಗದದಿಂದ.

ನನ್ನ ಜತೆ ಈ ಬಗ್ಗೆ ಜಗಳವಾಡಿದ ವೈದ್ಯ ಮಿತ್ರರು ಇಂದು ಸಭೆಯಲ್ಲಿದ್ದಾರೆ. ಬದುಕಿರುವವರಿಗೆ ವೈದ್ಯ ಮೊದಲು, ಸತ್ತವರಿಗೆ ಆಮೇಲೆ ಎಂಬುದು ಅವರ ನಿಲುವು. ಪ್ರದರ್ಶನ ಆರು ಗಂಟೆಗೆ. ನಡುವೆ ಏಳಬೇಕೆನ್ನಿಸಿದವರು ಸಂಕೋಚವಿಲ್ಲದೆ ಏಳಬಹುದು, ಬಾಗಿಲು ತೆರೆದೇ ಇರುತ್ತದೆ. ಉಳಿದವರು ಶವಪರೀಕ್ಷೆಯ ದೃಶ್ಯದಲ್ಲಿ ಸಹಾಯಕನ ಮಾತಿಗೆ ಮರುಳಾಗದೆ ವೈದ್ಯನ ಮುಖವನ್ನು ನೋಡಿ. ‘ಬರೆದುಕೊಳ್ಳಿ’ ಎನ್ನುವ ಮೊದಲು ಅವನು ಎಷ್ಟು ಹೊತ್ತು ಸುಮ್ಮನಿರುತ್ತಾನೆ ಎಂಬುದನ್ನು ಗಮನಿಸಿ. ಚರ್ಚೆಯನ್ನು ಅಲ್ಲಿಂದ ಶುರು ಮಾಡೋಣ.